ಬಳ್ಳಾರಿಯಲ್ಲಿ ಕೂತು ಆಸ್ಟ್ರೇಲಿಯಾದ ಫುಟಿ ಸೀಸನ್ ಪೂರ್ತಿ ನೋಡೋದು ಹೇಗೆ

ಮೊದಲು ಟೈಮಿಂಗ್ ವಿಷಯ ಮುಗಿಸಿಬಿಡೋಣ. ಆಸ್ಟ್ರೇಲಿಯಾ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ಬೆಳಗಿನ ಜಾವ ಎದ್ದು, ಮನೆಯವರಿಗೆ ಎಚ್ಚರ ಆಗದ ಹಾಗೆ ಟಿವಿ ಸೌಂಡ್ ಕಡಿಮೆ ಮಾಡಿಕೊಂಡು ಟೆಸ್ಟ್ ಮ್ಯಾಚ್ ನೋಡಿದ್ದೇ ನೆನಪಾಗುತ್ತೆ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ಗೆ, ಅಂದ್ರೆ ಅಲ್ಲಿನವರು ಸುಮ್ನೆ ‘ಫುಟಿ’ ಅಂತ ಕರೆಯೋ ಆಟಕ್ಕೆ, ಆ ಕಷ್ಟ ಇಲ್ಲ. ಅದು ಅಲ್ಲಿನ ಚಳಿಗಾಲದ ಆಟ. ಆಗ ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ ಇರುತ್ತೆ. ಹಾಗಾಗಿ ಶನಿವಾರ ಮಧ್ಯಾಹ್ನದ ಮ್ಯಾಚ್ ಇಲ್ಲಿ ಬೆಳಗ್ಗೆ 9, 10ರ ಹೊತ್ತಿಗೆ ಶುರುವಾಗುತ್ತೆ, ಮಂಡಕ್ಕಿ ಒಗ್ಗರಣಿ ಮಿರ್ಚಿ ತಿನ್ನೋ ಟೈಮಿಗೆ ಸರಿಯಾಗಿ. ಶುಕ್ರವಾರ ರಾತ್ರಿ 7:40ರ ಮ್ಯಾಚ್ ನಮಗೆ ಮಧ್ಯಾಹ್ನ 3:10. ಬಳ್ಳಾರಿ ಬಿಸಿಲಲ್ಲಿ ಆ ಹೊತ್ತಿಗೆ ಹೊರಗೆ ಹೋಗಿ ಮಾಡೋದಾದ್ರೂ ಏನಿದೆ ಹೇಳಿ. ಏಪ್ರಿಲ್ ಮೊದಲ ಭಾನುವಾರದವರೆಗೆ ಮೆಲ್ಬರ್ನ್‌ನಲ್ಲಿ ಗಡಿಯಾರ ಇನ್ನೊಂದು ಗಂಟೆ ಮುಂದಿರುತ್ತೆ, ಅದೊಂದು ಗಮನದಲ್ಲಿರಲಿ. ಪರ್ತ್‌ನ ಮ್ಯಾಚ್ ಆದ್ರೆ ವ್ಯತ್ಯಾಸ ಬರೀ ಎರಡೂವರೆ ಗಂಟೆ.

ಈ ಆಟದ ದೊಡ್ಡ ಲೀಗ್ ಎಎಫ್‌ಎಲ್, ಅಂದ್ರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್. ಅದನ್ನ ನೋಡೋಕೆ ವಾಚ್ ಎಎಫ್‌ಎಲ್ ಅಂತ ಆಸ್ಟ್ರೇಲಿಯಾದ ಹೊರಗಿನವರಿಗಾಗಿ ಒಂದು ಆ್ಯಪ್ ಇದೆ, ದುಡ್ಡು ಕಟ್ಟಬೇಕು. ಮೊದಲ ದಿನವೇ ವರ್ಷದ ಪ್ಯಾಕ್ ಹಾಕಿಸಬೇಡಿ. ಒಂದೆರಡು ವಾರ ಎಎಫ್‌ಎಲ್‌ನ ಯೂಟ್ಯೂಬ್ ಚಾನೆಲ್‌ನಲ್ಲಿ ಬರೋ ಹೈಲೈಟ್ಸ್ ನೋಡಿ, ರುಚಿ ಹತ್ತಿದರೆ ಮುಂದಿನ ಮಾತು.

ನಿಯಮಗಳನ್ನ ಓದಿ ಕಲಿಯೋಕೆ ಹೋಗಬೇಡಿ, ತಲೆ ಕೆಡುತ್ತೆ. ಇಷ್ಟು ಗೊತ್ತಿದ್ರೆ ಮೊದಲ ಮ್ಯಾಚಿಗೆ ಸಾಕು. ಆಡೋದು ಕ್ರಿಕೆಟ್ ಮೈದಾನದಲ್ಲಿ. ಅದು ಹಾಗಾಗಿದ್ದಕ್ಕೆ ಕಾರಣ ಇದೆ: ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡ ಹಿಡಿಯಬಾರದು ಅಂತ ಟಾಮ್ ವಿಲ್ಸ್ ಅನ್ನೋ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಒಂದು ಪತ್ರ ಬರೆದ, ಮರುವರ್ಷ ಮೆಲ್ಬರ್ನ್ ಕ್ಲಬ್ಬಿನವರು ಕೂತು ನಿಯಮ ಬರೆದರು. ಒಂದು ಕಡೆ 18 ಜನ. ಆಫ್‌ಸೈಡ್ ಇಲ್ಲ. ಚೆಂಡನ್ನ ಒದೆಯಬಹುದು, ಮುಷ್ಟಿಯಿಂದ ಗುದ್ದಿ ಪಾಸ್ ಕೊಡಬಹುದು, ಎಸೆಯೋ ಹಾಗಿಲ್ಲ. ಹಿಡ್ಕೊಂಡು ಓಡಬಹುದು, ಆದ್ರೆ 15 ಮೀಟರಿಗೊಮ್ಮೆ ನೆಲಕ್ಕೆ ಪುಟಿಸಬೇಕು ಇಲ್ಲಾ ಮುಟ್ಟಿಸಬೇಕು. 15 ಮೀಟರ್ ದಾಟಿ ಬಂದ ಒದೆತವನ್ನ ನಡುವೆ ಯಾರೂ ಮುಟ್ಟದೆ ನೀವು ಹಿಡಿದರೆ ಅದು ‘ಮಾರ್ಕ್’. ಆಗ ಆಟ ನಿಲ್ಲುತ್ತೆ, ನೀವು ಆರಾಮಾಗಿ ಒದೆಯಬಹುದು. ಎದುರಿನವನ ಬೆನ್ನ ಮೇಲೆ ಮೊಣಕಾಲು ಊರಿ ಹಾರಿ ಹಿಡಿಯೋ ಮಾರ್ಕ್ ಒಂದು ಕಣ್ಣಿಗೆ ಬಿತ್ತು ಅಂದ್ರೆ ನೀವು ಸೀಸನ್ ಬಿಡಲ್ಲ, ಬರೆದಿಟ್ಟುಕೊಳ್ಳಿ.

ಈಗ ಅಸಲಿ ವಿಷಯ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ ಇರ್ತವೆ. ನಡುವಿನ ಎರಡರ ಮಧ್ಯೆ ಒದ್ದು ಕಳಿಸಿದರೆ ಗೋಲು, 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಅಂಕ. ಸ್ಕೋರ್ ಬರೆಯೋದು 12.18 (90) ಅಂತ. 12 ಗೋಲು, 18 ಬಿಹೈಂಡ್, ಒಟ್ಟು 90. ಹೊಸಬರು ಬ್ರಾಕೆಟ್ ಒಳಗಿನ ಅಂಕಿ ಮಾತ್ರ ನೋಡ್ತಾರೆ. ನೀವು ಚುಕ್ಕಿಯ ನಂತರದ್ದನ್ನ ನೋಡೋದು ಕಲೀರಿ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನೇ ಇಟ್ಕೊಳ್ಳಿ.

ಮೇಲೆ ಬರೆದ ಸ್ಕೋರ್ ನಾನು ಸುಮ್ನೆ ಹಾಕಿದ್ದಲ್ಲ. 2023ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದ್ರೆ ಕಪ್ ಯಾರದ್ದು ಅಂತ ತೀರ್ಮಾನಿಸೋ ಸೀಸನ್ನಿನ ಕೊನೇ ಮ್ಯಾಚಿನಲ್ಲಿ, ಕಾಲಿಂಗ್‌ವುಡ್ ಗಳಿಸಿದ್ದು ಅದು. ಎದುರಾಳಿ ಬ್ರಿಸ್ಬೇನ್ 13.8 (86). ಗೋಲು ಜಾಸ್ತಿ ಹೊಡೆದದ್ದು ಬ್ರಿಸ್ಬೇನ್, ಕಪ್ ಒಯ್ದದ್ದು ಕಾಲಿಂಗ್‌ವುಡ್. ಇದನ್ನ ನನ್ನ ಅಕ್ಕನ ಮಗನಿಗೆ ತೋರಿಸಿದಾಗ ಅವನು “ಮಾಮಾ, ಇದೇನ್ ನ್ಯಾಯ? ಗುರಿ ತಪ್ಪಿದವರಿಗೂ ಮಾರ್ಕ್ಸ್ ಕೊಡ್ತಾರಾ?” ಅಂದ. ಹೌದು ತಮ್ಮಾ, ಕೊಡ್ತಾರೆ. ಆಟದ ಮಜಾ ಇರೋದೇ ಅಲ್ಲಿ.

ಆದ್ರೆ ಬಿಹೈಂಡ್ ಜಾಸ್ತಿ ಆದ್ರೆ ಒಳ್ಳೇದು ಅಂತ ತಿಳಿಯಬೇಡಿ. 2017ರ ಎಲಿಮಿನೇಷನ್ ಫೈನಲ್‌ನಲ್ಲಿ, ಅಂದ್ರೆ ಸೋತವರು ಮನೆಗೆ ಹೋಗೋ ನಾಕೌಟ್ ಮ್ಯಾಚಿನಲ್ಲಿ, ಪೋರ್ಟ್ ಅಡಿಲೇಡ್ 10.16 (76) ಮಾಡಿ ವೆಸ್ಟ್ ಕೋಸ್ಟ್‌ನ 12.6 (78) ಎದುರು ಸೋತಿತು. ಅವತ್ತು ಎಕ್ಸ್‌ಟ್ರಾ ಟೈಮ್ ಕೂಡ ಮುಗಿದು ಸೈರನ್ ಆಗಿಹೋಗಿತ್ತು. ಸೈರನ್‌ಗೆ ಮುಂಚೆ ಮಾರ್ಕ್ ಹಿಡಿದಿದ್ರೆ ಅಥವಾ ಫ್ರೀ ಕಿಕ್ ಸಿಕ್ಕಿದ್ರೆ ಸೈರನ್ ಆದ್ಮೇಲೂ ಒದೆಯೋಕೆ ಬಿಡ್ತಾರೆ. ಲ್ಯೂಕ್ ಶೂಯಿ ಹಾಗೆ ಒದ್ದ ಚೆಂಡು ನೇರ ನಡುವಿನ ಕಂಬಗಳ ಮಧ್ಯೆ ಹೋಯ್ತು. ಪೋರ್ಟ್‌ನ ಆ ಹದಿನಾರರಲ್ಲಿ ಒಂದೇ ಒಂದು ಗೋಲಾಗಿದ್ರೆ ಕಥೆ ಬೇರೆ.

ಯಾಕೆ ಅಷ್ಟು ತಪ್ಪುತ್ತೆ ಅಂತ ಕೇಳ್ತೀರಾ? ಒಂದು ಭಾನುವಾರ ಬೆಳಗ್ಗೆ ಗ್ರೌಂಡಿಗೆ ಹೋಗಿ ನೀವೇ ಒದ್ದು ನೋಡಿ. ಶೆರಿನ್ ಕಂಪನಿಯ ಅಸಲಿ ಚೆಂಡು ಬೇಕಂತಿಲ್ಲ, ರಗ್ಬಿ ಚೆಂಡು ಸಿಕ್ಕರೂ ನಡೆಯುತ್ತೆ, ಅದು ಸ್ವಲ್ಪ ದಪ್ಪ ಅಷ್ಟೇ. ಎರಡೂ ಕೈಯಲ್ಲಿ ಚೆಂಡನ್ನ ಉದ್ದಕ್ಕೆ, ಒಂದು ಮೂತಿ ನೆಲದ ಕಡೆ ಇರೋ ಹಾಗೆ ಹಿಡೀರಿ. ಒದೆಯೋ ಕಾಲಿನ ತೊಡೆಯ ಮುಂದೆ ಬರಲಿ. ಮೇಲಕ್ಕೆ ಎಸೀಬೇಡಿ, ಸುಮ್ನೆ ಕೈ ಬಿಡಿ. ಕೆಳಗಿನ ಮೂತಿಗೆ ಪಾದದ ಮೇಲ್ಭಾಗ ತಾಗಬೇಕು, ಬೆರಳು ಮುಂದಕ್ಕೆ ಚಾಚಿರಬೇಕು. ಸರಿಯಾಗಿ ಬಿದ್ರೆ ಚೆಂಡು ಹಿಂದಕ್ಕೆ ಪಲ್ಟಿ ಹೊಡೀತಾ ನೇರ ಹೋಗುತ್ತೆ, ಇದನ್ನ ಡ್ರಾಪ್ ಪಂಟ್ ಅಂತಾರೆ. ಕೈಬಿಟ್ಟಾಗ ಚೆಂಡು ಒಂಚೂರು ವಾಲಿದರೂ ಸಾಕು, ಪಕ್ಕದಲ್ಲಿ ಕ್ರಿಕೆಟ್ ಆಡೋರ ಸ್ಲಿಪ್ ಫೀಲ್ಡರ್ ಕಾಲಿಗೆ ಹೋಗಿ ಬೀಳುತ್ತೆ. ಅವರು ಬೈತಾರೆ, ಬೈಸ್ಕೊಳ್ಳಿ. ಆಮೇಲೆ ಟಿವಿಯಲ್ಲಿ 50 ಮೀಟರಿನಿಂದ, ಗಾಳಿಗೆ ಎದುರಾಗಿ, ಓರೆ ಕೋನದಲ್ಲಿ ಒದೆಯೋನನ್ನ ನೋಡೋ ಕಣ್ಣೇ ಬೇರೆ ಆಗುತ್ತೆ.

ಕ್ಲಬ್ ಆರಿಸೋದು ಮುಂದಿನ ಕೆಲಸ. ಒಟ್ಟು 18 ಕ್ಲಬ್. ಅದರಲ್ಲಿ 10 ವಿಕ್ಟೋರಿಯಾ ರಾಜ್ಯದವೇ, ಉಳಿದ ನಾಲ್ಕು ರಾಜ್ಯಕ್ಕೆ ಎರಡೆರಡು. 2028ರಲ್ಲಿ ಟಾಸ್ಮೇನಿಯಾ ಸೇರಬೇಕಿದೆ. ಎಲ್ಲರೂ ಮೊದಲು ಚಾಂಪಿಯನ್ ಯಾರು ಅಂತ ಕೇಳಿ ಆ ಕಡೆ ಹೋಗ್ತಾರೆ. ಈಗ ಹಾಗೆ ಹೋದ್ರೆ ಬ್ರಿಸ್ಬೇನ್ ಆಗುತ್ತೆ, 2024, 2025 ಎರಡೂ ವರ್ಷ ಅವರದ್ದೇ. ನನ್ನ ಮಾತು ಕೇಳೋದಾದ್ರೆ ಬೇಡ. ಗೆಲ್ಲೋ ಟೀಮಿನ ಜೊತೆ ಇದ್ರೆ ಸೀಸನ್ ಅರ್ಥ ಆಗಲ್ಲ, ಬರೀ ರಿಸಲ್ಟ್ ಗೊತ್ತಾಗುತ್ತೆ. ನಡುವಿನ ಟೀಮ್ ಒಂದು ಹಿಡೀರಿ, ಎಂಟನೇದೋ ಹನ್ನೊಂದನೇದೋ.

ನಾನು ಸೇಂಟ್ ಕಿಲ್ಡಾ ಕಡೆಯವನು. ಇವರ ಇತಿಹಾಸ ಕೇಳಿದರೆ ಚುಕ್ಕಿ ನಂತರದ ಅಂಕಿ ಅಂತ ನಾನ್ಯಾಕೆ ಬಡ್ಕೋತೀನಿ ಅಂತ ಗೊತ್ತಾಗುತ್ತೆ. 1897ರಿಂದ ಲೀಗ್‌ನಲ್ಲಿದ್ದಾರೆ, ಕಪ್ ಗೆದ್ದದ್ದು ಒಂದೇ ಸಲ, 1966ರಲ್ಲಿ. ಅದೂ ಒಂದು ಅಂಕದಿಂದ: 10.14 (74) ಎದುರು ಕಾಲಿಂಗ್‌ವುಡ್ 10.13 (73). ಬ್ಯಾರಿ ಬ್ರೀನ್ ಕೊನೆಗೆ ಒದ್ದದ್ದು ಬಿಹೈಂಡ್ ಆಯ್ತು, ಅದೇ ಕಪ್ ತಂದುಕೊಟ್ಟಿತು. 2010ರ ಗ್ರ್ಯಾಂಡ್ ಫೈನಲ್‌ನಲ್ಲಿ ಮತ್ತೆ ಅದೇ ಕಾಲಿಂಗ್‌ವುಡ್. ಕೊನೇ ನಿಮಿಷಗಳಲ್ಲಿ ಲೆನ್ನಿ ಹೇಯ್ಸ್ ಉದ್ದಕ್ಕೆ ಒದ್ದ, ಗೋಲಿನ ಎದುರು ಸ್ಟೀಫನ್ ಮಿಲ್ನ್ ಓಡಿ ಬರ್ತಾ ಇದ್ದ, ಚೆಂಡು ನೆಲಕ್ಕೆ ಬಿದ್ದು ಅವನ ಕೈಗೆ ಬರೋ ಬದಲು ಪಕ್ಕಕ್ಕೆ ಪುಟಿದು ಬಿಹೈಂಡ್ ಆಗಿ ಹೊರಗೆ ಹೋಯ್ತು. 68-68, ಡ್ರಾ. ಆಗಿನ ನಿಯಮದ ಪ್ರಕಾರ ಮುಂದಿನ ವಾರ ಪೂರ್ತಿ ಮ್ಯಾಚ್ ಮತ್ತೆ ಆಡಿಸಿದ್ರು, ಸೇಂಟ್ ಕಿಲ್ಡಾ ಸೋತಿತು. ಆ ವಿಡಿಯೊ ಒಂದ್ಸಲ ನೋಡಿ. ಚೆಂಡು ಉರುಟಾಗಿದ್ದಿದ್ರೆ ಅಂತ ಅನ್ನಿಸದೇ ಇರಲ್ಲ.

ಕ್ಲಬ್ ಆಯ್ತು, ಈಗ ಒಂದು ನೋಟ್‌ಬುಕ್ ಇಡಿ. ಮೊಬೈಲ್‌ನಲ್ಲಿ ಬೇಡ, 200 ಪುಟದ ಉದ್ದ ನೋಟ್‌ಬುಕ್ಕೇ ಒಳ್ಳೇದು. ಸೀಸನ್ ಮಾರ್ಚ್‌ನಿಂದ ಆಗಸ್ಟ್ ಕೊನೆಯವರೆಗೆ, ಒಂದೊಂದು ಟೀಮಿಗೆ 23 ಮ್ಯಾಚ್. ಒಂದು ಮ್ಯಾಚಿಗೆ ಒಂದು ಪುಟ. ಎದುರಾಳಿ ಯಾರು, ಯಾವ ಊರಲ್ಲಿ, ಹಿಂದಿನ ಮ್ಯಾಚ್ ಮುಗಿದು ಎಷ್ಟು ದಿನ ಆಗಿದೆ, ಇಷ್ಟು ಮೇಲೆ ಬರೀರಿ. ಕೆಳಗೆ ನಾಲ್ಕು ಕ್ವಾರ್ಟರಿನ ಸ್ಕೋರ್, ಚುಕ್ಕಿ ಸಮೇತ. ಒಂದು ಕ್ವಾರ್ಟರ್ ಅಂದ್ರೆ 20 ನಿಮಿಷ, ಆಟ ನಿಂತ ಸಮಯ ಸೇರಿ ಅರ್ಧ ಗಂಟೆ ಹತ್ತಿರ ಆಗುತ್ತೆ. ಪಕ್ಕದಲ್ಲಿ ‘ಇನ್‌ಸೈಡ್ 50’ ಬರ್ಕೊಳ್ಳಿ, ಅಂದ್ರೆ ಗೋಲಿನಿಂದ 50 ಮೀಟರ್ ಗೆರೆಯ ಒಳಗೆ ಎಷ್ಟು ಸಲ ಚೆಂಡು ಒಯ್ದರು ಅನ್ನೋದು. ಆ್ಯಪ್‌ನಲ್ಲೇ ಸಿಗುತ್ತೆ. ಒಳಗೆ ಒಯ್ದದ್ದು 60, ಸ್ಕೋರ್ 8.15 ಅಂತಿದ್ರೆ ನಿಮ್ಮ ಟೀಮ್ ಕೆಟ್ಟದಾಗಿಲ್ಲ, ಕಾಲು ಸರಿಯಿಲ್ಲ. ಒಳಗೆ ಒಯ್ದದ್ದೇ 38 ಅಂತಿದ್ರೆ ನಡು ಮೈದಾನದಲ್ಲೇ ಸೋತಿದ್ದಾರೆ, ಅದು ಒಂದು ವಾರದಲ್ಲಿ ರಿಪೇರಿ ಆಗೋದಲ್ಲ. ಸೋಲು ಸೋಲೇ, ಆದ್ರೆ ಈ ಎರಡು ಸೋಲು ಒಂದೇ ಅಲ್ಲ.

ಊರು ಯಾಕೆ ಬರೀಬೇಕು ಅಂದ್ರೆ, ಪರ್ತ್‌ನ ಎರಡು ಕ್ಲಬ್‌ಗಳು ಮೆಲ್ಬರ್ನ್‌ಗೆ ಬರಬೇಕಾದ್ರೆ ಸುಮಾರು 2700 ಕಿಲೋಮೀಟರ್ ಹಾರಬೇಕು. ಬರ್ತಾನೇ ಇರ್ತಾರೆ ಪಾಪ. ಮೆಲ್ಬರ್ನ್ ಟೀಮಿನವರು ಎಷ್ಟೋ ವಾರ ಮನೆಯಿಂದ ಕಾರಲ್ಲೇ ಹೋಗಿ ಆಡಿ ಬರ್ತಾರೆ.

ಪಾಯಿಂಟ್ಸ್ ಟೇಬಲ್‌ಗೆ ಅಲ್ಲಿ ಲ್ಯಾಡರ್ ಅಂತಾರೆ. ಗೆದ್ರೆ 4, ಡ್ರಾ ಆದ್ರೆ 2. ಪಾಯಿಂಟ್ಸ್ ಸಮ ಆದ್ರೆ ಪರ್ಸೆಂಟೇಜ್ ನೋಡ್ತಾರೆ. ಐಪಿಎಲ್‌ನ ನೆಟ್ ರನ್ ರೇಟ್ ಅರ್ಥ ಆಗಿದ್ರೆ ಇದು ಅದಕ್ಕಿಂತ ಸುಲಭ: ನೀವು ಹೊಡೆದ ಒಟ್ಟು ಅಂಕ, ಭಾಗಿಸು ಹೊಡೆಸಿಕೊಂಡ ಒಟ್ಟು ಅಂಕ, ಗುಣಿಸು ನೂರು. 1000 ಹೊಡೆದು 800 ಹೊಡೆಸಿಕೊಂಡಿದ್ರೆ 125. ಮೊದಲ ಐದಾರು ವಾರ ಇದು ಮೇಲೆ ಕೆಳಗೆ ಕುಣಿಯುತ್ತೆ, ತಲೆ ಕೆಡಿಸ್ಕೋಬೇಡಿ. ಜೂನ್ ಆದ್ಮೇಲೆ ಅಷ್ಟು ಬೇಗ ಅಲುಗಾಡಲ್ಲ, ಆಗಿಂದ ದಿನಾ ನೋಡಿ. 2017ರಲ್ಲಿ ವೆಸ್ಟ್ ಕೋಸ್ಟ್ 105.7, ಮೆಲ್ಬರ್ನ್ 105.2. ಗೆಲುವು ಇಬ್ಬರದ್ದೂ 12. ಆಗ ಮೇಲಿನ ಎಂಟು ಟೀಮಿಗೆ ಮಾತ್ರ ಫೈನಲ್ಸ್, ಅಂದ್ರೆ ಕೊನೆಯ ನಾಕೌಟ್ ಸುತ್ತುಗಳು. ಆ ಅರ್ಧ ಪರ್ಸೆಂಟಿನಲ್ಲಿ ವೆಸ್ಟ್ ಕೋಸ್ಟ್ ಎಂಟನೇ ಸ್ಥಾನ ಹಿಡೀತು, ಮೆಲ್ಬರ್ನ್ ಮನೆಗೆ ಹೋಯ್ತು. ಮೇಲೆ ಹೇಳಿದ ಶೂಯಿಯ ಒದೆತ ಇದಾದ್ಮೇಲಿನ ಮೊದಲ ಫೈನಲ್‌ನಲ್ಲೇ. ಏಪ್ರಿಲ್‌ನಲ್ಲಿ ಗೆದ್ದೇಬಿಟ್ವಿ ಅಂತ ಕೊನೇ ಕ್ವಾರ್ಟರ್‌ನಲ್ಲಿ ಕೈಬಿಟ್ಟ ನಾಲ್ಕು ಬಿಹೈಂಡ್ ಆಗಸ್ಟ್‌ನಲ್ಲಿ ಬಾಗಿಲು ಬಡಿಯೋದು ಹೀಗೆ.

ಶುರುವಿನಲ್ಲಿ ಸೋತರೆ ನೋಟ್‌ಬುಕ್ ಮೂಲೆಗೆ ಎಸೀಬೇಡಿ. 2024ರಲ್ಲಿ ಹಾಥಾರ್ನ್ ಮೊದಲ ಐದೂ ಮ್ಯಾಚ್ ಸೋತು ಆಮೇಲೆ ಏಳನೇ ಸ್ಥಾನಕ್ಕೆ ಬಂದು ಫೈನಲ್ಸ್ ಆಡಿತು. ಸೀಸನ್ ನಡುವೆ ನಿಮ್ಮ ಟೀಮಿಗೆ ಒಂದು ವಾರ ರಜೆ ಇರುತ್ತೆ, ‘ಬೈ’ ಅಂತಾರೆ. ಆ ವಾರ ಬೇರೆಯವರ ಆಟ ನೋಡಿ, ಅದಕ್ಕಿಂತ ಮುಖ್ಯವಾಗಿ ಗಾಯಾಳುಗಳ ಪಟ್ಟಿ ನೋಡಿ. ಬೈ ನಂತರ ಯಾರು ವಾಪಸ್ ಬರ್ತಾರೆ ಅನ್ನೋದರ ಮೇಲೆ ಜುಲೈ ನಿಂತಿರುತ್ತೆ. ದೊಡ್ಡ ಮ್ಯಾಚ್ ಒಂದಾದ್ರೂ ತಪ್ಪಿಸಬಾರದು ಅಂದ್ರೆ ಏಪ್ರಿಲ್ 25ರ ಆ್ಯನ್‌ಜಾಕ್ ದಿನದ್ದು (ಅಲ್ಲಿನವರು ಯೋಧರನ್ನ ನೆನೆಯೋ ದಿನ), 1995ರಿಂದ, ಕೊರೊನಾದ 2020 ಒಂದು ಬಿಟ್ಟು, ಪ್ರತಿ ವರ್ಷ ಎಸೆಂಡನ್ ಮತ್ತು ಕಾಲಿಂಗ್‌ವುಡ್ ಆಡ್ತಾ ಬಂದಿದ್ದಾರೆ. ನಿಮ್ಮ ಕ್ಲಬ್ ಇಲ್ಲದಿದ್ರೂ ನೋಡಿ.

ಸೆಪ್ಟೆಂಬರ್ ಅಂದ್ರೆ ಫೈನಲ್ಸ್. 2025ರವರೆಗೆ ಮೇಲಿನ ಎಂಟು ಟೀಮ್ ಹೋಗ್ತಿದ್ವು. ಮೊದಲ ವಾರ ಲ್ಯಾಡರ್‌ನ 1ನೇ ಸ್ಥಾನದವರಿಗೆ 4ನೇಯವರು ಎದುರಾಳಿ, 2ಕ್ಕೆ 3. ಇದರಲ್ಲಿ ಸೋತರೂ ಇನ್ನೊಂದು ಅವಕಾಶ ಇದೆ, ಐಪಿಎಲ್‌ನ ಮೊದಲ ಕ್ವಾಲಿಫೈಯರ್ ಲೆಕ್ಕ. 5ಕ್ಕೆ 8, 6ಕ್ಕೆ 7, ಇಲ್ಲಿ ಸೋತರೆ ಮುಗೀತು. 2026ರಿಂದ ಹತ್ತನೇ ಸ್ಥಾನದವರೆಗೆ ಬಾಗಿಲು ತೆರೆದಿದ್ದಾರೆ, 7ಕ್ಕೆ 10, 8ಕ್ಕೆ 9 ಅಂತ ವೈಲ್ಡ್‌ಕಾರ್ಡ್ ಮ್ಯಾಚ್. ನನಗೆ ಇದು ಅಷ್ಟು ಹಿಡಿಸಿಲ್ಲ, ಆ ಅರ್ಧ ಪರ್ಸೆಂಟಿನ ಹೊಡೆದಾಟದ ಬಿಸಿ ಕಮ್ಮಿ ಆಗುತ್ತೆ. ಕೆಳಗಿಂದ ಬಂದು ಕಪ್ ಗೆಲ್ಲೋದು ಕಷ್ಟ, ಆಗಲ್ಲ ಅಂತಿಲ್ಲ. 2016ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಏಳನೇ ಸ್ಥಾನದಿಂದ ನಾಲ್ಕಕ್ಕೆ ನಾಲ್ಕೂ ಗೆದ್ದು 1954ರ ನಂತರ ಮೊದಲ ಸಲ ಕಪ್ ಎತ್ತಿತು. ಗ್ರ್ಯಾಂಡ್ ಫೈನಲ್ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೇ ಶನಿವಾರ, ಎಂಸಿಜಿಯಲ್ಲಿ, ನಮ್ಮ ಟೈಮ್ ಬೆಳಗ್ಗೆ 10ಕ್ಕೆ. ಹಿಂದಿನ ಸೋಮವಾರ ಸೀಸನ್ನಿನ ಶ್ರೇಷ್ಠ ಆಟಗಾರನಿಗೆ ಬ್ರೌನ್‌ಲೋ ಪದಕ ಕೊಡ್ತಾರೆ. ಪ್ರತಿ ಮ್ಯಾಚ್ ಮುಗಿದ ಮೇಲೆ ಅಂಪೈರ್‌ಗಳು 3, 2, 1 ಅಂತ ಹಾಕಿಟ್ಟ ವೋಟುಗಳನ್ನ ಅವತ್ತೇ ತೆರೆಯೋದು. ಚುನಾವಣೆ ಎಣಿಕೆ ನೋಡೋ ಚಟ ಇರೋರಿಗೆ ಹೇಳಿ ಮಾಡಿಸಿದ್ದು.

ನಿಮ್ಮ ಟೀಮ್ ಆಗಸ್ಟ್‌ನಲ್ಲೇ ಮನೆಗೆ ಹೋದರೂ ಅಕ್ಟೋಬರ್ ಬಿಡಬೇಡಿ. ಆಗ ಆಟಗಾರರ ಅದಲು ಬದಲು. ಇಲ್ಲಿ ಐಪಿಎಲ್ ಹಾಗೆ ಕೋಟಿ ಕೂಗೋದಿಲ್ಲ. ಕ್ಲಬ್ ಕ್ಲಬ್ಬಿಗೆ ದುಡ್ಡು ಕೊಟ್ಟು ಕೊಳ್ಳೋ ಹಾಗಿಲ್ಲ, ಆಟಗಾರನಿಗೆ ಆಟಗಾರ, ಇಲ್ಲಾ ಡ್ರಾಫ್ಟ್‌ನಲ್ಲಿ ಹುಡುಗರನ್ನ ಆರಿಸೋ ಸರದಿ ಬಿಟ್ಟುಕೊಡಬೇಕು. ನವೆಂಬರ್‌ನಲ್ಲಿ ಡ್ರಾಫ್ಟ್. ಕೊನೇ ಸ್ಥಾನದವರಿಗೆ ಮೊದಲ ಸರದಿ. ಇದರಲ್ಲೊಂದು ನಿಯಮ ನಮ್ಮ ಜನಕ್ಕೆ ಹೇಳಿದ ತಕ್ಷಣ ಅರ್ಥ ಆಗುತ್ತೆ: ಅಪ್ಪ ಒಂದು ಕ್ಲಬ್ಬಿಗೆ 100 ಮ್ಯಾಚ್ ಆಡಿದ್ರೆ ಮಗನನ್ನ ತಗೊಳ್ಳೋದರಲ್ಲಿ ಆ ಕ್ಲಬ್ಬಿಗೆ ಮೊದಲ ಹಕ್ಕು. ಬ್ರಿಸ್ಬೇನ್‌ಗೆ ವಿಲ್ ಆ್ಯಶ್‌ಕ್ರಾಫ್ಟ್ ಸಿಕ್ಕಿದ್ದು ಹಾಗೆಯೇ, ಅವನ ಅಪ್ಪ ಮಾರ್ಕಸ್ ಅಲ್ಲೇ ಆಡಿದ್ದ. ಆ ಹುಡುಗ 2024, 2025 ಎರಡೂ ಗ್ರ್ಯಾಂಡ್ ಫೈನಲ್‌ನಲ್ಲಿ ಶ್ರೇಷ್ಠ ಆಟಗಾರನ ನಾರ್ಮ್ ಸ್ಮಿತ್ ಪದಕ ತಗೊಂಡ. ಹಾಗಾಗಿ ನಿಮ್ಮ ಕ್ಲಬ್ಬಿನ ಹಳೇ ಆಟಗಾರರಲ್ಲಿ ಯಾರ ಮಗ ಹದಿನೇಳು ದಾಟ್ತಿದ್ದಾನೆ ಅಂತ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಒಂದು ಪಟ್ಟಿ ಇಟ್ಟುಕೊಳ್ಳಿ.