ಹಳೆಯ ಸೀಸದ ಯೋಧರಿಗೆ ಅವರ ಕಾಲದ ಬಣ್ಣ

1970ರ ದಶಕದ ಉತ್ತರಾರ್ಧದಿಂದ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಅಮೆರಿಕದ ರಾಲ್ ಪಾರ್ಥಾ, ಗ್ರೆನೇಡಿಯರ್ ಮತ್ತು ಇಂಗ್ಲೆಂಡಿನ ಸಿಟಡೆಲ್ ಕಂಪನಿಗಳು, ಮೇಜಿನ ಮೇಲೆ ಪುಟ್ಟ ಮೂರ್ತಿಗಳನ್ನಿಟ್ಟು ಆಡುವ ಕಲ್ಪನಾಲೋಕದ ಆಟಗಳಿಗಾಗಿ ಎರಕ ಹೊಯ್ದ ಮಾಂತ್ರಿಕರು, ಕುಬ್ಜ ಯೋಧರು ಮತ್ತು ಅಸ್ಥಿಪಂಜರಗಳು ಇಂದಿಗೂ ಹವ್ಯಾಸಿಗಳ ಕೈಗೆ ಸಿಗುತ್ತವೆ. ಸುಮಾರು 25 ಮಿಲಿಮೀಟರ್ ಎತ್ತರದ ಈ ಮೂರ್ತಿಗಳಿಗೆ ಕಂಪ್ಯೂಟರಿನಲ್ಲಿ ರೂಪುಗೊಳ್ಳುವ ಇಂದಿನ ಮೂರ್ತಿಗಳ ನಯವಿಲ್ಲ. ಆದರೆ ಶಿಲ್ಪಿಯೊಬ್ಬರು ಪುಟ್ಟಿಯನ್ನು ಕೈಯಿಂದಲೇ ತಿದ್ದಿ ಮೂಡಿಸಿದ ಆ ಡೊಂಕು ಮೂಗು ಮತ್ತು ಅಗಲ ಬಾಯಿಗಳಲ್ಲಿ ಬೇರೆಲ್ಲೂ ಕಾಣದ ಜೀವಕಳೆಯಿದೆ. ಬಣ್ಣ ಹಚ್ಚುವಾಗ ಆ ಕಳೆ ಮಾಸದಂತೆ ನೋಡಿಕೊಳ್ಳಬೇಕು.

ಮೊದಲು ಲೋಹವನ್ನು ಪರೀಕ್ಷಿಸಿ. ಆ ಕಾಲದ ಮೂರ್ತಿಗಳಲ್ಲಿ ಬಹುಪಾಲು ಸೀಸ ಮತ್ತು ತವರದ ಮಿಶ್ರಲೋಹದವು. ಸೀಸ ವಿಷಕಾರಿಯಾದ್ದರಿಂದ ಕೆಲಸದ ಮೇಜಿನ ಬಳಿ ಏನನ್ನೂ ತಿನ್ನಬಾರದು, ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಬಾರದು, ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಬೇಕು, ಮಕ್ಕಳನ್ನು ದೂರವಿಡಬೇಕು. ಮೂರ್ತಿಯ ಮೈಮೇಲೆ ಬೂದಿಯಂತಹ ಬಿಳಿ ಪುಡಿ ಕಂಡರೆ ಅದು ಸೀಸ ಕೊಳೆಯುತ್ತಿರುವ ಲಕ್ಷಣ. ಆ ಪುಡಿಯನ್ನು ಒಣಗಿದ್ದಾಗ ಉಜ್ಜಿದರೆ ಗಾಳಿಗೆ ಹಾರುತ್ತದೆ. ಅಂತಹ ಮೂರ್ತಿಯನ್ನು ಉಳಿದವುಗಳಿಂದ ಬೇರ್ಪಡಿಸಿಡುವುದು ಲೇಸು.

ಹಳೆಯ ಬಣ್ಣ ತೆಗೆಯುವ ಮುನ್ನ ಒಮ್ಮೆ ಯೋಚಿಸಿ. ಯಾರೋ ಶ್ರದ್ಧೆಯಿಂದ ಹಚ್ಚಿದ ಬಣ್ಣವಾಗಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳುವುದೇ ಸರಿಯೆಂದು ನನ್ನ ಅಭಿಪ್ರಾಯ. ದಪ್ಪ ಪದರದಡಿ ವಿವರಗಳೆಲ್ಲ ಮುಚ್ಚಿಹೋಗಿದ್ದರೆ ಮಾತ್ರ ಮೂರ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒಂದು ರಾತ್ರಿ ನೆನೆಸಿ, ಕೈಗವಸು ಹಾಕಿಕೊಂಡು, ಇದಕ್ಕೆಂದೇ ಮೀಸಲಿಟ್ಟ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ. ಅಸಿಟೋನ್ ಇನ್ನೂ ಬೇಗ ಕೆಲಸ ಮಾಡುತ್ತದೆ, ಆದರೆ ಪ್ಲಾಸ್ಟಿಕ್ ಗುರಾಣಿ ಅಥವಾ ಪೀಠ ಅಂಟಿಕೊಂಡಿದ್ದರೆ ಅದು ಕರಗಿಹೋಗುತ್ತದೆ. ಇವೆರಡೂ ಬೇಗ ಹೊತ್ತಿಕೊಳ್ಳುವ ದ್ರವಗಳು. ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರ ಕುಳಿತು ಬಳಸಿ.

ರಬ್ಬರ್ ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಲೋಹ ಜಿನುಗಿ ಮೂರ್ತಿಯ ಪಕ್ಕದುದ್ದಕ್ಕೂ ಸಣ್ಣ ಏಣು ಉಳಿದಿರುತ್ತದೆ. ಸಣ್ಣ ಅರವನ್ನು ಒದ್ದೆ ಮಾಡಿಕೊಂಡು ಇದನ್ನು ಮೆಲ್ಲಗೆ ಸವೆಸಿದರೆ ದೂಳು ಏಳುವುದಿಲ್ಲ. ಸೀಸ ಬಹಳ ಮೆದು, ಆದ್ದರಿಂದ ಮುಖದ ಹತ್ತಿರ ಅರಕ್ಕಿಂತ ಚಾಕುವಿನ ತುದಿಯೇ ಕ್ಷೇಮ. ಬಾಗಿದ ಕತ್ತಿಯನ್ನು ಒಂದೇ ಸಲಕ್ಕೆ ನಿಧಾನವಾಗಿ ನೇರ ಮಾಡಬೇಕು. ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಮುರಿದೇ ತೀರುತ್ತದೆ. ನಂತರ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಬಣ್ಣ ಹಿಡಿದು ನಿಲ್ಲಲು ಬೇಕಾದ ತಳಪದರವಾದ ಪ್ರೈಮರನ್ನು ತೆಳ್ಳಗೆ ಹಚ್ಚಿ. ನಾನು ಬಿಳಿ ಪ್ರೈಮರನ್ನೇ ಆರಿಸುತ್ತೇನೆ, ಏಕೆಂದರೆ 1980ರ ದಶಕದ ಆ ಝಗಮಗಿಸುವ ಕೆಂಪು ಹಳದಿಗಳು ಕಪ್ಪಿನ ಮೇಲೆ ಮಂಕಾಗುತ್ತವೆ.

ಬಣ್ಣದ ವಿಷಯದಲ್ಲಿ ಸಂಕೋಚ ಬೇಡ. ಕಂದು ಬೂದುಗಳ ಇಂದಿನ ವಾಸ್ತವಿಕ ಶೈಲಿ ಈ ಮೂರ್ತಿಗಳಿಗೆ ಒಗ್ಗುವುದಿಲ್ಲ. ಒಂದು ಮೂರ್ತಿಗೆ ಎರಡು ಮೂರು ಗಾಢ ಬಣ್ಣಗಳನ್ನು ಆರಿಸಿಕೊಂಡು ಅವುಗಳಲ್ಲೇ ಮುಂದುವರಿಯಿರಿ. ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ, ಒಂದು ದಪ್ಪ ಪದರದ ಬದಲು ಎರಡು ತೆಳು ಪದರ ಕೊಡಿ. ಒಳಗಿನಿಂದ ಹೊರಕ್ಕೆ, ಅಂದರೆ ಮೊದಲು ಚರ್ಮ, ಆಮೇಲೆ ಬಟ್ಟೆ, ಕೊನೆಗೆ ಕವಚ ಮತ್ತು ಪಟ್ಟಿಗಳೆಂಬ ಕ್ರಮದಲ್ಲಿ ಸಾಗಿದರೆ ತಪ್ಪಿ ತಗುಲಿದ ಬಣ್ಣವನ್ನು ಮುಂದಿನ ಬಣ್ಣವೇ ಮುಚ್ಚುತ್ತದೆ. ಎಲ್ಲವೂ ಒಣಗಿದ ಮೇಲೆ ಅದೇ ಛಾಯೆಯ ಕಡುಬಣ್ಣವನ್ನು ತೀರಾ ನೀರಾಗಿಸಿ ಹರಿಯಬಿಟ್ಟರೆ ಅದು ನೆರಿಗೆಗಳಲ್ಲಿ ನಿಂತು ನೆರಳಾಗುತ್ತದೆ. ಉಬ್ಬುಗಳ ಮೇಲೆ ಮೂಲ ಬಣ್ಣವನ್ನು ಮತ್ತೆ ಹಚ್ಚಿ, ತುದಿಗಳಿಗಷ್ಟೇ ಅದಕ್ಕಿಂತ ತಿಳಿಯಾದ ಛಾಯೆ ಕೊಡಿ.

ಹೆಚ್ಚು ಸಮಯ ಕೊಡಬೇಕಾದದ್ದು ಮುಖಕ್ಕೆ. ಚರ್ಮದ ಬಣ್ಣಕ್ಕೂ ಮೊದಲು ಕಣ್ಣು ಮುಗಿಸಿಬಿಡಿ: ಕಣ್ಣಿನ ಕುಳಿಗೆ ಕಡುಕಂದು, ಅದರೊಳಗೆ ಮಾಸಲು ಬಿಳಿಯ ಸಣ್ಣ ಗೆರೆ, ನಡುವೆ ಕಪ್ಪು ಚುಕ್ಕೆ. ನಂತರ ಚರ್ಮದ ಬಣ್ಣವನ್ನು ಸುತ್ತಲೂ ಕಣ್ಣಿನ ಅಂಚಿನವರೆಗೆ ತಂದರೆ, ಉಳಿದ ಕಂದು ಗೆರೆಯೇ ರೆಪ್ಪೆಯಾಗುತ್ತದೆ. ಇದಕ್ಕೆ ಅತಿ ಸಣ್ಣ ಕುಂಚಕ್ಕಿಂತ, ತುದಿ ಚೂಪಾಗಿರುವ ಸ್ವಲ್ಪ ದೊಡ್ಡ ಕುಂಚವೇ ಒಳ್ಳೆಯದು, ಅದರಲ್ಲಿ ಬಣ್ಣ ಬೇಗ ಒಣಗುವುದಿಲ್ಲ.

ಗುರಾಣಿ ಸಪಾಟಾಗಿದ್ದರೆ ಅದನ್ನು ಖಾಲಿ ಬಿಡಬೇಡಿ. ಹಲ್ಲು ಕಿರಿದ ಮುಖವನ್ನೋ ಸೂರ್ಯನನ್ನೋ ಕೈಯಿಂದಲೇ ಬಿಡಿಸುವುದು ಆ ಕಾಲದ ಹವ್ಯಾಸಿಗಳ ಅಚ್ಚುಮೆಚ್ಚಿನ ರೂಢಿ. ಪೀಠಕ್ಕೆ ಅಂಟು ಸವರಿ ಮರಳು ಉದುರಿಸಿ, ಅಂಚನ್ನೂ ಸೇರಿಸಿ ಎದ್ದುಕಾಣುವ ಹಸಿರು ಬಳಿಯಿರಿ.

ಕೊನೆಗೆ ವಾರ್ನಿಷ್. ಆಟದಲ್ಲಿ ಕೈಯಿಂದ ಕೈಗೆ ಹೋಗುವ ಮೂರ್ತಿಯಾದರೆ ಮೊದಲು ಗಟ್ಟಿಯಾದ ಹೊಳಪಿನ ಪದರ, ಅದರ ಮೇಲೆ ಹೊಳಪಿಲ್ಲದ ಪದರ ಕೊಡುವುದು ಉತ್ತಮ. ತೇವ ಹೆಚ್ಚಿರುವ ದಿನ ಸ್ಪ್ರೇ ಬಳಸಿದರೆ ಮೇಲ್ಮೈ ಬೆಳ್ಳಗೆ ಮಬ್ಬಾಗುತ್ತದೆ. ಮರ, ಅದರಲ್ಲೂ ಓಕ್, ಹೊರಬಿಡುವ ಆಮ್ಲದ ಆವಿಯಿಂದಲೇ ಸೀಸ ಕೊಳೆಯಲಾರಂಭಿಸುವುದರಿಂದ, ಮುಗಿದ ಮೂರ್ತಿಗಳನ್ನು ಮರದ ಪೆಟ್ಟಿಗೆಯಲ್ಲಿ ಮುಚ್ಚಿಡದೆ ಗಾಳಿಯಾಡುವ ಗಾಜಿನ ಅಥವಾ ಲೋಹದ ಕಪಾಟಿನಲ್ಲಿಡಿ.