ಮುಂದಿನ ಬ್ರೇಕು ಬಲಗೈಗೆ: ಕೇಬಲ್ಲನ್ನು ದಾರಿಗೆ ತಂದ ಬಗೆ

ಸೈಕಲ್ಲಿನ ಮುಂದಿನ ಬ್ರೇಕನ್ನು ಬಲಗಡೆಯ ಲಿವರಿಗೆ ಹಾಕಿದರೆ ಕೇಬಲ್ ವಿಪರೀತ ಬಾಗುತ್ತದೆ, ಲಿವರ್ ಬಿಗಿಯಾಗುತ್ತದೆ, ಕೈ ಬಿಟ್ಟರೂ ಪ್ಯಾಡ್ ರಿಮ್ ಬಿಟ್ಟು ಬರುವುದಿಲ್ಲ. ಸ್ಪ್ಯಾನರ್ ಹಿಡಿದವರಲ್ಲಿ ಹತ್ತಕ್ಕೆ ಎಂಟು ಜನ ಹೇಳುವ ಮಾತಿದು. ಅರ್ಧ ನಿಜ, ಉಳಿದರ್ಧ ಸೋಮಾರಿತನ. ನಾನು ಕೈಯಾಡಿಸುವ ಸೈಕಲ್ಲುಗಳಲ್ಲಿ ಒಂದು ಬಗೆಯದನ್ನು ಬಿಟ್ಟರೆ (ಅದು ಯಾವುದೆಂದು ಮುಂದೆ ಬರುತ್ತದೆ) ಉಳಿದೆಲ್ಲದರಲ್ಲೂ ಮುಂದಿನ ಬ್ರೇಕು ಬಲಕ್ಕೇ ಇದೆ. ಆಗುವುದಿಲ್ಲ ಎಂದವರೇ ಲಿವರ್ ಒತ್ತಿ ನೋಡಿ, ಔಟರ್ (ಕೇಬಲ್ಲಿನ ಹೊರಕವಚ) ಯಾವುದು ಹಾಕಿದ್ದು ಎಂದು ಕೇಳಿದ್ದಾರೆ.

ಮೊದಲು ಕೈಯ ವಿಚಾರ. ಬ್ರೇಕಿನ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನದ್ದು ಎನ್ನುವುದು ಎಲ್ಲರಿಗೂ ಗೊತ್ತು. ಒಣ ಟಾರಿನ ಮೇಲೆ ಸುಮಾರು 20 ಕಿ.ಮೀ. ವೇಗದಿಂದ ಮುಂದಿನದನ್ನಷ್ಟೇ ಹಿಡಿದರೆ ಮೂರೂವರೆ ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಿಂದಿನದನ್ನಷ್ಟೇ ಹಿಡಿದರೆ ಏಳು ದಾಟುತ್ತದೆ, ಚಕ್ರ ಜಾರಿದ ಗುರುತು ಬೇರೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೆಜ್ಜೆಯಲ್ಲಿ ಅಳೆದ ಲೆಕ್ಕ, ಅರ್ಧ ಮೀಟರ್ ಆಚೀಚೆ ಇಟ್ಟುಕೊಳ್ಳಿ. ಹಿಂದಿನ ಬ್ರೇಕನ್ನು ಒರಟಾಗಿ ಹಿಡಿದರೆ ಚಕ್ರ ಜಾರುತ್ತದೆ ಅಷ್ಟೆ. ಮುಂದಿನದನ್ನು ಹಾಗೆ ಹಿಡಿದರೆ ಸವಾರ ಹ್ಯಾಂಡಲ್ ದಾಟಿ ಹೋಗುತ್ತಾನೆ. ಅಂದಮೇಲೆ ಮುಂದಿನ ಬ್ರೇಕು ನಯವಾಗಿ ಒತ್ತಿ, ಚೂರು ಸಡಿಲಿಸಿ, ಮತ್ತೆ ಒತ್ತಲು ಬರುವ ಕೈಗೆ ಸೇರಬೇಕು. ಬಲವಾದ ಕೈ ಗಾಬರಿಯಲ್ಲಿ ಜೋರಾಗಿ ಹಿಡಿದುಬಿಡುತ್ತದೆ, ಆದ್ದರಿಂದ ಎಡಗೈಯೇ ಕ್ಷೇಮ ಎಂಬ ವಾದವಿದೆ. ನನಗೆ ಒಪ್ಪಿಗೆಯಿಲ್ಲ. ಗಾಬರಿಯಲ್ಲಿ ಎರಡೂ ಕೈ ಒಟ್ಟಿಗೇ ಮುಚ್ಚುತ್ತವೆ. ಆಗ ಮೊದಲು ಹತೋಟಿಗೆ ಬರುವುದು ಪಳಗಿದ ಕೈ.

ಎರಡನೆಯದು, ಬೇರೆ ಏನೇನು ಓಡಿಸುತ್ತೀರಿ ಎನ್ನುವುದು. ಮೋಟರ್‌ಸೈಕಲ್ಲಿನಲ್ಲಿ ಮುಂದಿನ ಬ್ರೇಕು ಬಲಗೈಗೆ. ಎರಡನ್ನೂ ಓಡಿಸುವವರು ಸೈಕಲ್ಲಿನಲ್ಲಿ ಉಲ್ಟಾ ಇಟ್ಟುಕೊಳ್ಳುವುದು ಅಪಾಯವನ್ನು ಕರೆದು ಕೂರಿಸಿದಂತೆ. ಎಡಗೈಯವರಾದರೂ ಮೋಟರ್‌ಸೈಕಲ್ ಓಡಿಸುವವರಾಗಿದ್ದರೆ ಬಲಕ್ಕೇ ಇರಲಿ. ಸೈಕಲ್ ಬಿಟ್ಟರೆ ಬೇರೇನೂ ಮುಟ್ಟದ ಎಡಗೈಯವರಿಗೆ ಎಡವೇ ಸರಿ.

ದೇಶದ ರೂಢಿಯೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ಹೊಸ ಸೈಕಲ್ ಮಾರುವಾಗ ಬಲ ಲಿವರ್ ಮುಂದಿನದಕ್ಕೆ ಇರಬೇಕೆಂಬುದು 2010ರ ನಿಯಮದಲ್ಲೇ ಇದೆ. ಅಮೆರಿಕದ ನಿಯಮ ತದ್ವಿರುದ್ಧ: ಬಲ ಹಿಂದಿನದಕ್ಕೆ, ಎಡ ಮುಂದಿನದಕ್ಕೆ, ಗ್ರಾಹಕ ಕೇಳಿದರೆ ಅದಲುಬದಲು ಮಾಡಿಕೊಡಬಹುದು. ಎರಡರ ಹಿಂದೆಯೂ ಒಂದೇ ತರ್ಕ ಕಾಣುತ್ತದೆ. ಎಡಬದಿಯ ಸಂಚಾರದಲ್ಲಿ ರಸ್ತೆ ಅಡ್ಡಹಾಯುವ ತಿರುವಿಗೆ ಬಲಗೈ ಚಾಚಬೇಕು, ಬಲಬದಿಯ ಸಂಚಾರದಲ್ಲಿ ಎಡಗೈ. ಹ್ಯಾಂಡಲಿನ ಮೇಲೆ ಉಳಿದ ಒಂಟಿ ಕೈಗೆ ಹಿಂದಿನ ಬ್ರೇಕು ಸಿಗಲಿ ಎಂದು. ಒಂದೇ ಕೈಯಲ್ಲಿ ಮುಂದಿನದನ್ನು ಹಿಡಿದರೆ ಹ್ಯಾಂಡಲ್ ತಿರುಚಿಕೊಳ್ಳುವುದು ಅನುಭವಿಸಿದವರಿಗೆ ಗೊತ್ತು.

ಇನ್ನು ಕೇಬಲ್. ಇವತ್ತಿನ ಡ್ಯುಯಲ್ ಪಿವಟ್ ಕ್ಯಾಲಿಪರುಗಳಲ್ಲಿ (ಎರಡು ಕೀಲಿನ ಮೇಲೆ ತಿರುಗಿ ರಿಮ್ಮನ್ನು ಎರಡೂ ಬದಿಯಿಂದ ಅಮುಕುವ ಬ್ರೇಕು) ಮುಂದಿನ ಬ್ರೇಕಿನ ಕೇಬಲ್ ಸಾಮಾನ್ಯವಾಗಿ ಸವಾರನ ಬಲಬದಿಯಲ್ಲಿ ಒಳಹೋಗುತ್ತದೆ. ಎಡ ಲಿವರಿನಿಂದ ಬಂದರೆ ಹೆಡ್ ಟ್ಯೂಬಿನ (ಫ್ರೇಮಿನ ಮುಂದಲೆಯ ಕೊಳವೆ) ಮುಂದೆ ಹಾದು ಒಂದೇ ಬಾಗಿನಲ್ಲಿ ಇಳಿದುಬಿಡುತ್ತದೆ. ಬಲ ಲಿವರಿನಿಂದ ಬಂದರೆ ಎಡಕ್ಕೆ ಹೊರಟದ್ದು ತಟ್ಟನೆ ಕೆಳಕ್ಕೆ ತಿರುಗಿ, ಮತ್ತೆ ಬಲಕ್ಕೆ ವಾಲಬೇಕು. ದೂರು ಹುಟ್ಟುವುದು ಈ ಎರಡು ಬಾಗಿನಲ್ಲಿ.

ಇಲ್ಲಿ ಜನ ಮಾಡುವ ಮೊದಲ ಕೆಲಸ ಔಟರನ್ನು ಗಿಡ್ಡ ಮಾಡುವುದು. ನೋಡಲು ಚೊಕ್ಕಟ, ನಡೆಯಲು ಕೆಟ್ಟದ್ದು. ಗಿಡ್ಡ ಔಟರ್ ಅಡ್ಜಸ್ಟರಿನ (ಔಟರ್ ಬ್ರೇಕಿಗೆ ಸೇರುವಲ್ಲಿ ಕೇಬಲ್ಲಿನ ಬಿಗಿ ಹೊಂದಿಸುವ ತಿರುಪು) ಬಾಯಿಯನ್ನು ಓರೆಯಾಗಿ ತಳ್ಳುತ್ತದೆ. ಕ್ಯಾಲಿಪರ್ ಒಂದು ಬದಿಗೆ ಸರಿದು ಒಂದು ಪ್ಯಾಡ್ ಸದಾ ಉಜ್ಜುತ್ತದೆ. ಎರಡೂ ಪ್ಯಾಡನ್ನು ಸಮದೂರಕ್ಕೆ ತರುವ ಸೆಂಟರಿಂಗ್ ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾಗಿ ಕ್ಯಾಲಿಪರನ್ನೇ ಬದಲಿಸುವವರಿದ್ದಾರೆ. ತಪ್ಪು ಕ್ಯಾಲಿಪರಿನದಲ್ಲ, ಹೋದ ದುಡ್ಡು ಹೋದದ್ದೇ. ಎರಡನೆಯ ಕೆಲಸ, ಮೆತ್ತಗೆ ಬಾಗುತ್ತದೆ ಎಂದು ಗೇರಿನ 4 ಮಿ.ಮೀ. ಔಟರನ್ನು ತಂದು ಹಾಕುವುದು. ಇದನ್ನಂತೂ ಮಾಡಲೇಬೇಡಿ. ಅದರ ತಂತಿಗಳು ಉದ್ದುದ್ದಕ್ಕೆ ಇರುತ್ತವೆ, ಬ್ರೇಕಿನ ಎಳೆತಕ್ಕೆ ಸಿಡಿದು ಹೊರಬರುತ್ತವೆ. ಬ್ರೇಕಿಗೆ ಸುರುಳಿ ಸುತ್ತಿದ 5 ಮಿ.ಮೀ. ಔಟರೇ ಆಗಬೇಕು. ಮೂರನೆಯದು ಒಳಗೆ ಗ್ರೀಸು ತುಂಬುವುದು. ಪ್ಲಾಸ್ಟಿಕ್ ಲೈನರ್ (ಒಳಪದರ) ಇರುವ ಔಟರಿಗೆ ದಪ್ಪ ಗ್ರೀಸು ಬೇಡ. ಮೊದಲೆರಡು ವಾರ ಹಾಯಾಗಿರುತ್ತದೆ, ಆಮೇಲೆ ಧೂಳು ಹಿಡಿದು ಮೊದಲಿಗಿಂತ ಬಿಗಿ.

ನನಗೆ ಕೂಡಿಬಂದ ದಾರಿ ಹೀಗಿದೆ. ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲಾದರೆ ಬಲಗಡೆಯ ಟೇಪನ್ನು ಬಿಚ್ಚಿ, ಮೊದಲು ಹೊರಬರುತ್ತಿದ್ದ ಜಾಗಕ್ಕಿಂತ ನಾಲ್ಕೈದು ಸೆಂ.ಮೀ. ಮೊದಲೇ ಕೇಬಲ್ಲನ್ನು ಹೊರಗೆ ಬಿಡಿ. ಅಲ್ಲಿಂದ ನೇರ ಕೆಳಕ್ಕೆ ಇಳಿಸದೆ ಮುಂದಕ್ಕೆ ಉಬ್ಬಿಸಿ ತಿರುಗಿಸಿ. ಬಾಗು ಮುಷ್ಟಿಯ ಸುತ್ತಿಗಿಂತ ಚಿಕ್ಕದಾಗಬಾರದು. ಔಟರ್ ಹಳೆಯದಕ್ಕಿಂತ ಮೂರ್ನಾಲ್ಕು ಸೆಂ.ಮೀ. ಉದ್ದ ಬೇಕಾಗುತ್ತದೆ. ಅಡ್ಜಸ್ಟರ್ ಸೇರುವ ಕೊನೆಯ ಎರಡು ಬೆರಳಿನಷ್ಟು ಭಾಗ ನೆಟ್ಟಗಿರಬೇಕು, ಇದು ಮುಖ್ಯ. ಔಟರನ್ನು ಕತ್ತರಿಸಿದ ಮೇಲೆ ತುದಿಯನ್ನು ಅರದಲ್ಲಿ ಸಪಾಟಾಗಿ ಉಜ್ಜಿ, ಮುಚ್ಚಿಕೊಂಡ ಲೈನರನ್ನು ದಬ್ಬಳದಿಂದ ಬಿಡಿಸಿ, ಫೆರೂಲ್ (ತುದಿಯ ಟೋಪಿ) ಹಾಕಿ. ಸಪಾಟಿಲ್ಲದ ತುದಿ ಫೆರೂಲಿನೊಳಗೆ ಕುಸಿಯುತ್ತಾ ಲಿವರನ್ನು ಮೆತ್ತಗಾಗಿಸುತ್ತದೆ. ಕೇಬಲ್ ಹಿಗ್ಗಿತು ಎಂದು ಜನ ಬೈಯುವುದು ಬಹುಪಾಲು ಇದನ್ನೇ. ಕೂರಿಸುವ ಮುಂಚೆ ಔಟರಿಗೆ ಕೈಯಲ್ಲೇ ಒಂದು ಬಾಗು ಕೊಡುತ್ತೇನೆ. ಎಲ್ಲಿ, ಎಷ್ಟು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ಔಟರ್ ಕತ್ತರಿಸಿದವರಿಗೆ ತಾನಾಗಿ ಹೊಳೆಯುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ, ತಿರುವಿನ ಜಾಗಕ್ಕೆ ಮಾತ್ರ ಅಲ್ಯೂಮಿನಿಯಂ ಮಣಿಗಳನ್ನು ಪೋಣಿಸಿದಂಥ ಔಟರ್ ಸಿಗುತ್ತದೆ. ಅದು ದುಬಾರಿ. ಇಡೀ ಉದ್ದಕ್ಕೆ ಬೇಕಾಗಿಲ್ಲ, ಗೇಣುದ್ದ ಸಾಕು.

ಬಿಗಿ, ಸಲೀಸು ಎನ್ನುವುದು ಬಾಯಿಮಾತಾಗದಿರಲು ಬಾಟಲಿ ಪರೀಕ್ಷೆ ಮಾಡಿ. ಲಿವರ್ ನೆಲದ ಕಡೆಗೆ ಎಳೆಯುವಂತೆ ಹ್ಯಾಂಡಲನ್ನು ತಿರುಗಿಸಿಕೊಂಡು, ಲಿವರಿನ ತುದಿಯಿಂದ ಒಂದು ಅಂಗುಲ ಒಳಗೆ ಖಾಲಿ ಬಾಟಲಿ ಕಟ್ಟಿ, ನೀರು ಸುರಿಯುತ್ತಾ ಹೋಗಿ. ಪ್ಯಾಡ್ ರಿಮ್ಮಿಗೆ ತಾಗಿದ ಕ್ಷಣಕ್ಕೆ ನಿಲ್ಲಿಸಿ ನೀರು ಅಳೆಯಿರಿ. ಒಂದು ಲೀಟರೆಂದರೆ ಒಂದು ಕಿಲೋ. ಗಿಡ್ಡ ಔಟರಿನ ಬಲ ಲಿವರಿಗೆ ಲೀಟರು ದಾಟಿ ಕಾಲು ಲೀಟರಿನಷ್ಟು ಬೇಕಾಗುತ್ತಿತ್ತು. ಉಬ್ಬಿಸಿ ಇಳಿಸಿದ ಮೇಲೆ ಮುಕ್ಕಾಲು ಲೀಟರಿಗೆ ಬಂತು. ಅದೇ ಸೈಕಲ್ಲಿನ ಎಡ ಲಿವರಿನಿಂದ ಅಳೆದರೆ ಹೆಚ್ಚುಕಡಿಮೆ ಅಷ್ಟೇ, ಒಂದು ಲೋಟ ಕಡಿಮೆಯಿದ್ದೀತು. ನಂತರ ನೀರನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಾ ಲಿವರ್ ಯಾವಾಗ ಪೂರ್ತಿ ಹಿಂದೆ ಹೋಗುತ್ತದೆಂದು ನೋಡಿ. ನನ್ನ ಪ್ರಕಾರ ಈ ಎರಡನೇ ಅಳತೆಯೇ ಹೆಚ್ಚು ಬೆಲೆಯುಳ್ಳದ್ದು. ಒತ್ತುವ ಬಿಗಿಯನ್ನು ಕೈ ಸಹಿಸಿಕೊಳ್ಳುತ್ತದೆ, ಬಿಡದ ಬ್ರೇಕನ್ನು ಕಾಲು ತುಳಿಯಬೇಕು.

ವಿ-ಬ್ರೇಕಿನಲ್ಲೂ (ಚಕ್ರದ ಎರಡೂ ಬದಿ ಉದ್ದ ತೋಳುಗಳಿರುವ ಬ್ರೇಕು) ಮುಂದಿನ ನೂಡಲ್ (ಕೇಬಲ್ ಹಾಯುವ ಬಾಗಿದ ಲೋಹದ ಕೊಳವೆ) ಸಾಮಾನ್ಯವಾಗಿ ಸವಾರನ ಬಲಕ್ಕೇ ಇರುತ್ತದೆ. 90 ಡಿಗ್ರಿಯದನ್ನು ತೆಗೆದು 135 ಡಿಗ್ರಿಯ ನೂಡಲ್ ಹಾಕಿದರೆ ಅರ್ಧ ತೊಂದರೆ ಮುಗಿಯಿತು. ಅಗ್ಗದ ಕೆಲವು ಸೈಕಲ್ಲುಗಳಲ್ಲಿ ಮುಂದಿನ ಕೇಬಲ್ಲಿನ ದಾರಿಯಲ್ಲಿ ಸ್ಪ್ರಿಂಗಿರುವ ಒಂದು ತುಂಡು ಇರುತ್ತದೆ, ಬ್ರೇಕು ತಟ್ಟನೆ ಹಿಡಿಯದಿರಲೆಂದು. ಅದಲುಬದಲು ಮಾಡುವಾಗ ಅದು ಮುಂದಿನ ಬ್ರೇಕಿನ ಜೊತೆಗೇ ಹೋಗಬೇಕು. ಹಿಂದಿನದಕ್ಕೆ ಸೇರಿಸಿದರೆ ಮೊದಲೇ ದುರ್ಬಲವಾದದ್ದು ಇನ್ನೂ ಸೊರಗುತ್ತದೆ. ಮುಂದೆ ವಿ-ಬ್ರೇಕು, ಹಿಂದೆ ಕ್ಯಾಲಿಪರ್ ಇರುವ ಮಿಶ್ರತಳಿಯಾದರೆ ಕೇಬಲ್ ಬದಲಿಸಿದರೆ ಸಾಲದು, ಲಿವರನ್ನೇ ಬದಲಿಸಬೇಕು. ವಿ-ಬ್ರೇಕಿನ ಲಿವರ್ ಸುಮಾರು ಎರಡರಷ್ಟು ಕೇಬಲ್ ಎಳೆಯುತ್ತದೆ. ಅದನ್ನು ಕ್ಯಾಲಿಪರಿಗೆ ಕೊಟ್ಟರೆ ಕಲ್ಲಿನಂತೆ ಗಟ್ಟಿ ಇರುತ್ತದೆ, ಆದರೆ ಸೈಕಲ್ ನಿಲ್ಲುವುದಿಲ್ಲ. ಕ್ಯಾಲಿಪರಿನ ಲಿವರನ್ನು ವಿ-ಬ್ರೇಕಿಗೆ ಕೊಟ್ಟರೆ ಲಿವರ್ ಹ್ಯಾಂಡಲಿಗೆ ತಾಗಿದರೂ ಪ್ಯಾಡ್ ಕಚ್ಚುವುದಿಲ್ಲ.

ಡಿಸ್ಕ್ ಬ್ರೇಕಿನವರಿಗೆ ಈ ತಾಪತ್ರಯವೇ ಇಲ್ಲ. ಕ್ಯಾಲಿಪರ್ ಫೋರ್ಕಿನ ಎಡಗಾಲಿನಲ್ಲಿರುವುದರಿಂದ ಬಲ ಲಿವರಿನ ಹೋಸ್ (ಎಣ್ಣೆಯ ಕೊಳವೆ) ಹೆಡ್ ಟ್ಯೂಬಿನ ಮುಂದೆ ಹಾದು ತಾನಾಗಿ ಇಳಿಯುತ್ತದೆ. ಆದರೆ ಖರ್ಚು ಇಲ್ಲೇ. ಕೇಬಲ್ ಸೈಕಲ್ಲಿನಲ್ಲಿ ಇಡೀ ಕೆಲಸ ಒಂದು ಜೊತೆ ಪ್ಯಾಡಿನ ಬೆಲೆಯೊಳಗೆ ಮುಗಿದೀತು. ಹೈಡ್ರಾಲಿಕ್‌ಗೆ ಪ್ರತಿ ಹೋಸಿಗೂ ಹೊಸ ಆಲಿವ್ (ತುದಿ ಸೋರದಂತೆ ಬಿಗಿಯುವ ಸಣ್ಣ ಉಂಗುರ), ಹೊಸ ಇನ್ಸರ್ಟ್ (ಹೋಸಿನೊಳಗೆ ತೂರಿಸುವ ಸಣ್ಣ ಕೊಳವೆ), ಎಣ್ಣೆ, ಸಿರಿಂಜು, ಸಾಲದ್ದಕ್ಕೆ ಅರ್ಧ ದಿನ. ಹಳೆಯ ಆಲಿವನ್ನೇ ಮತ್ತೆ ಹಾಕಿ ಉಳಿಸುವ ದುಡ್ಡು ಸೋರಿದ ಎಣ್ಣೆ ಪ್ಯಾಡಿಗೆ ಬಿದ್ದಾಗ ಬಡ್ಡಿಸಮೇತ ಹೋಗುತ್ತದೆ. ಮಿನರಲ್ ಆಯಿಲ್ ಬೇಡುವ ಬ್ರೇಕಿಗೆ ಡಾಟ್ ದ್ರವ (ಕಾರು, ಮೋಟರ್‌ಸೈಕಲ್ಲಿನ ಬ್ರೇಕಿಗೆ ಹಾಕುವಂಥದ್ದು) ಹಾಕಿದರೆ ಒಳಗಿನ ಸೀಲುಗಳು ಊದಿಕೊಂಡು ಬ್ರೇಕೇ ಹೋಗುತ್ತದೆ. ರಿಸರ್ವಾಯರ್ (ಎಣ್ಣೆಯ ಬಟ್ಟಲು) ಇರುವ ಲಿವರುಗಳನ್ನು ತಲೆಕೆಳಗು ಮಾಡಿ ಆಚೆ ಬದಿಗೆ ಕೂರಿಸುವ ಅಗ್ಗದ ಉಪಾಯವೂ ಬೇಡ, ಗಾಳಿ ಸೇರುತ್ತದೆ. ಲಿವರ್ ಇದ್ದಲ್ಲೇ ಇರಲಿ, ಹೋಸ್ ಬದಲಾಗಲಿ.

ಬಿಟ್ಟ ಆ ಒಂದು ಬಗೆ ಬಲಗಡೆ ಹಿಡಿ ತಿರುಗಿಸಿ ಗೇರು ಹಾಕುವ ಸೈಕಲ್. ಬೆರಳು ಬ್ರೇಕು ಒತ್ತಿರುವಾಗ ಅದೇ ಅಂಗೈ ಹಿಡಿಯನ್ನು ತಿರುಗಿಸಬೇಕು. ಬ್ರೇಕಿನ ಒತ್ತಡ ಏರುಪೇರಾಗುತ್ತದೆ. ಅಂಥದ್ದರಲ್ಲಿ ಮುಂದಿನದು ಎಡಕ್ಕೇ ಇರಲಿ. ಹೆಬ್ಬೆರಳಿನಲ್ಲಿ ಒತ್ತುವ ಶಿಫ್ಟರಾದರೆ ತೊಂದರೆಯಿಲ್ಲ.

ಒಂದೇ ಲಿವರಿನಿಂದ ಎರಡೂ ಬ್ರೇಕು ಎಳೆಸುವ ಪ್ರಯೋಗವನ್ನೂ ಮಾಡಿದ್ದುಂಟು. ಎರಡು ಕೇಬಲ್ ಹಿಡಿಯುವ ಲಿವರ್ ಸಿಗುತ್ತದೆ, ಒಂದೇ ಕೈ ಬಳಸಬಲ್ಲವರಿಗೆ ಅದು ವರ. ಹಿಂದಿನದು ಕೂದಲೆಳೆಯಷ್ಟು ಮೊದಲು ಕಚ್ಚುವಂತೆ ಅಡ್ಜಸ್ಟರಿನಲ್ಲಿ ಹೊಂದಿಸಬೇಕು. ಪ್ಯಾಡ್ ಸವೆದಂತೆ ಆ ಹೊಂದಿಕೆ ತಪ್ಪುತ್ತಲೇ ಇರುತ್ತದೆ. ಎರಡು ಕೈ ಇರುವವರು ಇದರ ಗೋಜಿಗೆ ಹೋಗಬೇಕಿಲ್ಲ.

ಇನ್ನರ್ (ಔಟರಿನೊಳಗಿನ ತಂತಿ) ಕೊಳ್ಳುವಾಗ ಎರಡೂ ಹಿಂದಿನ ಬ್ರೇಕಿನ ಉದ್ದದ್ದೇ ಇರಲಿ, ಮುಂದಿನದಕ್ಕೆ ಕತ್ತರಿಸಿಕೊಳ್ಳಬಹುದು. ಒಮ್ಮೆ ಬೋಲ್ಟಿನಡಿ ಚಪ್ಪಟೆಯಾದ ಇನ್ನರ್ ಮತ್ತೆ ಔಟರಿನೊಳಗೆ ನುಸುಳುವುದಿಲ್ಲ, ಎಳೆ ಬಿಚ್ಚಿಕೊಳ್ಳುತ್ತದೆ. ಹಳೆಯದನ್ನು ಉಳಿಸುವ ಆಸೆ ಬಿಡಿ. ಡ್ರಾಪ್ ಲಿವರಿಗೂ ನೇರ ಹ್ಯಾಂಡಲಿನ ಲಿವರಿಗೂ ನಿಪ್ಪಲಿನ (ತಂತಿಯ ತುದಿಯ ಗುಂಡು) ಆಕಾರ ಬೇರೆ, ಅಂಗಡಿಯಲ್ಲೇ ನೋಡಿಕೊಳ್ಳಿ. ಹಿಂದಿನ ಕೇಬಲ್ಲಿನ ಮೊದಲ ತಡೆ (ಔಟರ್ ಬಂದು ನಿಲ್ಲುವ ಜಾಗ) ಫ್ರೇಮಿನ ಎಡಬದಿಗಿದ್ದರೆ ಎಡ ಲಿವರಿನಿಂದ ಹೋಗುವ ಆ ತುಂಡಿಗೂ ಹೊಸ ಔಟರ್, ಮೊದಲಿಗಿಂತ ಒಂದಿಷ್ಟು ಉದ್ದದ್ದು ಬೇಕು. ಕೂರಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಯಾವುದೂ ಜಗ್ಗಬಾರದು. ಪ್ಯಾಡಿಗೂ ರಿಮ್ಮಿಗೂ ನಡುವೆ ಎರಡೂ ಬದಿ 1ರಿಂದ 2 ಮಿ.ಮೀ. ಕೇಬಲ್ಲನ್ನು ಹಿಡಿದಿಡುವ ಆ್ಯಂಕರ್ ಬೋಲ್ಟ್ 6ರಿಂದ 8 ನ್ಯೂಟನ್ ಮೀಟರ್. ಲಿವರನ್ನು ಹತ್ತು ಸಲ ಬಲವಾಗಿ ಒತ್ತಿ, ಸಡಿಲಾದಷ್ಟನ್ನು ಎಳೆದು ಬೋಲ್ಟನ್ನು ಇನ್ನೊಮ್ಮೆ ಬಿಗಿಯಿರಿ.

ಬದಲಿಸಿದ ಮೇಲೆ ಎರಡು ವಾರ ಬಲ ಲಿವರಿಗೆ ಬಣ್ಣದ ಟೇಪಿನ ತುಂಡು ಸುತ್ತಿಡಿ. ಇಳಿಜಾರು, ಮಳೆ, ದಟ್ಟಣೆ ಬಿಟ್ಟು ಖಾಲಿ ಜಾಗದಲ್ಲಿ ನಿಲ್ಲಿಸುವುದನ್ನು ರೂಢಿಸಿಕೊಳ್ಳಿ. ಸೈಕಲ್ ಬೇರೆಯವರಿಗೆ ಕೊಡುವಾಗ ಮುಂದಿನದು ಬಲಕ್ಕಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಸೈಕಲ್ಲನ್ನು ಮುಂದೆ ತಳ್ಳಿಸಿ ಅವರ ಕೈಯಿಂದಲೇ ಬಲ ಲಿವರ್ ಒತ್ತಿಸಿ.