ಕೃಷಿ ಹೊಂಡಕ್ಕೆ ಮೀನುಮರಿ ಬಿಡುವ ಮುನ್ನ

ಮುಳಬಾಗಿಲಿನ ಹತ್ತಿರ ನಮ್ಮದು ಟೊಮ್ಯಾಟೊ ತೋಟ, ಪಕ್ಕದಲ್ಲೇ ಕೃಷಿ ಹೊಂಡ. ಒಂದು ಸಂಜೆ ಸೈಪರ್‌ಮೆಥ್ರಿನ್ ಅನ್ನೋ ಕೀಟನಾಶಕ ಹೊಡೆದ ಕ್ಯಾನನ್ನು ಹೊಂಡದ ದಡದಲ್ಲೇ ತೊಳೆದೆ. ಬೆಳಗ್ಗೆ ನೋಡಿದರೆ ಬೆರಳುದ್ದದ ಕಾಟ್ಲಾ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹಿಂದಿನ ವರ್ಷದ ದೊಡ್ಡ ಮೀನುಗಳು ಈಜಿಕೊಂಡೇ ಇದ್ದವು. ಆ ನೋಟ ಇನ್ನೂ ಮರೆತಿಲ್ಲ.

ಮರಿಯ ಮೈ ಚಿಕ್ಕದು. ಆ ತೂಕಕ್ಕೆ ಹೋಲಿಸಿದರೆ ಕಿವಿರಿನ ಹರಹು ಜಾಸ್ತಿ, ಹಾಗಾಗಿ ವಿಷ ಬೇಗ ಒಳಗೆ ಹೋಗುತ್ತದೆ. ಅದನ್ನು ಮುರಿದು ಹೊರಹಾಕುವ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ದೊಡ್ಡ ಮೀನು ಆರಾಮಾಗಿದೆ ಅಂತ ನೀರು ಚೆನ್ನಾಗಿದೆ ಅಂದುಕೊಳ್ಳಬೇಡಿ.

ಮೊದಲು ನೀರನ್ನು ಮರಿಯಿಂದಲೇ ಪರೀಕ್ಷೆ ಮಾಡಿಸಿ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯನ್ನು ನಾಲ್ಕು ಕೋಲಿಗೆ ತೊಟ್ಟಿಲ ಹಾಗೆ ಕಟ್ಟಿ ನೀರಿಗೆ ಇಳಿಬಿಡಿ. ಹತ್ತು ಮರಿ ಬಿಟ್ಟು 24 ಗಂಟೆ ಕಾಯಿರಿ. ನಡುವೆ ಎರಡು ಮೂರು ಸಲ ಹೋಗಿ ನೋಡಿ. ಮರಿ ಸುತ್ತಿ ಸುತ್ತಿ ಈಜಿದರೆ, ಪಕ್ಕಕ್ಕೆ ವಾಲಿದರೆ, ಮೇಲೆ ಬಂದು ಬಾಯಿ ಬಾಯಿ ಬಿಟ್ಟರೆ ಉಳಿದದ್ದನ್ನು ಬಿಡಬೇಡಿ. ಎಲ್ಲ ಚುರುಕಾಗಿದ್ದರೆ, ಮರಿಯ ಚೀಲವನ್ನು 15–20 ನಿಮಿಷ ನೀರಿನ ಮೇಲೆ ತೇಲಿಸಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಆಮೇಲೆ ಬಿಡಿ.

ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ ಅಲ್ವಾ, ತೆರೆದ ಡ್ರಮ್ಮಿನಲ್ಲಿ ಒಂದು ದಿನ ಇಟ್ಟು ಬಳಸಿ.

ಕ್ಯಾನು ತೊಳೆಯುವುದು ಹೊಂಡದಿಂದ ದೂರ. ಗಾಳಿ ಹೊಂಡದ ಕಡೆ ಬೀಸುವಾಗ ಔಷಧಿ ಹೊಡೆಯಬೇಡಿ. ಮಳೆ ನೀರು ತೋಟದಿಂದ ನೇರ ಇಳಿಯದ ಹಾಗೆ ಸುತ್ತ ಒಂದಡಿ ಬದು ಹಾಕಿ. ನಾನು ಪಕ್ಕದ ಹೊಲದವರಿಗೂ ಹೇಳಿಟ್ಟಿದ್ದೇನೆ, ಔಷಧಿ ಹೊಡೆಯುವ ಹಿಂದಿನ ದಿನ ಫೋನ್ ಮಾಡುತ್ತಾರೆ.